ಎದೆನೋವು ಅಂತ ಬಂದವರಿಗೆಲ್ಲ ಎಕೋ ಪ್ರೋಬ್ ಇಡಬೇಕಾ?

ರಾತ್ರಿಪಾಳಿ:
ನಾನು ತುರ್ತು ವಿಭಾಗದಲ್ಲಿ ಡ್ಯೂಟಿ ಡಾಕ್ಟರ್. ಸೇರಿ ಒಂದೂವರೆ ವರ್ಷ ಆಯಿತು. ನಮ್ಮಲ್ಲಿಗೆ ಈಚೆಗೆ ಒಂದು ಅಲ್ಟ್ರಾಸೌಂಡ್ ಮಷಿನ್ ಬಂದಿದೆ, ಹೃದಯ ನೋಡುವ ಪ್ರೋಬ್ (ಎದೆ ಮೇಲೆ ಇಡುವ ಹಿಡಿ) ಸಮೇತ. ಅದರಿಂದ ಹೃದಯ ನೋಡುವುದಕ್ಕೇ ಎಕೋ ಅನ್ನೋದು. ಅವತ್ತಿನಿಂದ ಎದೆನೋವು ಅಂತ ಯಾರು ಬಂದರೂ ಒಬ್ಬ ಸೀನಿಯರ್ "ಒಂದ್ಸಲ ಪ್ರೋಬ್ ಇಟ್ಟು ನೋಡಿಬಿಡು" ಅನ್ನುತ್ತಾರೆ. ಇನ್ನೊಬ್ಬರು "ಇಸಿಜಿ ಇದೆ, ಟ್ರೋಪೋನಿನ್ ಇದೆ, ಇದ್ಯಾಕೆ ಸುಮ್ನೆ" ಅನ್ನುತ್ತಾರೆ. (ಟ್ರೋಪೋನಿನ್ ಅಂದರೆ ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಅಂಶ.)

ನನ್ನ ಕಷ್ಟ ಬೇರೆ. ಪ್ರೋಬ್ ಇಡುತ್ತೇನೆ. ನಾಲ್ಕೂ ಕೋಣೆ ಕಾಣುತ್ತೆ. ಗೋಡೆಗಳೆಲ್ಲ ಅಲ್ಲಾಡುತ್ತಿರುವ ಹಾಗೇ ಇರುತ್ತೆ. ಆದರೆ ಕೇಸ್ ಶೀಟಿನಲ್ಲಿ "ಎಕೋ ನಾರ್ಮಲ್" ಅಂತ ಬರೆಯಲು ಹೋದಾಗ ಪೆನ್ನು ನಿಂತುಬಿಡುತ್ತೆ. ಹಾಗೆ ಬರೆದ ಮೇಲೆ ಆ ಮನುಷ್ಯನನ್ನು ಮನೆಗೆ ಕಳಿಸಬಹುದಾ? ನೀವೆಲ್ಲ ಏನು ಮಾಡುತ್ತೀರಿ?

ಹಳೇಸ್ಟೆತ್:
ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಇಲ್ಲ, ಕಳಿಸಬಾರದು. ಎಕೋ ನಾರ್ಮಲ್ ಅನ್ನೋ ಒಂದೇ ಕಾರಣಕ್ಕೆ ಎದೆನೋವಿನವರನ್ನು ಯಾವತ್ತೂ ಮನೆಗೆ ಕಳಿಸಬೇಡಿ. ಮಿಕ್ಕಿದ್ದನ್ನು ನಿಧಾನವಾಗಿ ಮಾತಾಡೋಣ.

ನಾನು ಹೃದ್ರೋಗ ವಿಭಾಗದಲ್ಲಿ ಬಹಳ ವರ್ಷ ಇದ್ದವನು. ತುರ್ತು ವಿಭಾಗದಿಂದ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಇದೇ ವಾಕ್ಯ: "ಸರ್, ಇಸಿಜಿ ನಾರ್ಮಲ್, ಎಕೋದಲ್ಲಿ ಆರ್‌ಡಬ್ಲ್ಯೂಎಂಎ ಇಲ್ಲ, ಕಳಿಸಲಾ?" (ಅಂದರೆ ಯಾವ ಭಾಗದ ಗೋಡೆಯೂ ಕೆಲಸ ತಪ್ಪಿಸಿಲ್ಲ ಅಂತ.) ನಾನು ಕೇಳುವುದು ಒಂದೇ. "ಪ್ರೋಬ್ ಇಟ್ಟಾಗ ನೋವು ಇತ್ತಾ?" ಆ ಕಡೆ ಎರಡು ಸೆಕೆಂಡ್ ಮೌನ.

ಎಲ್ಲ ಅಲ್ಲೇ ಇದೆ. ರಕ್ತನಾಳ ಮುಚ್ಚಿದರೆ ಅದು ಸಾಕುತ್ತಿದ್ದ ಗೋಡೆ ಕೆಲವೇ ಸೆಕೆಂಡುಗಳಲ್ಲಿ ಸೋಮಾರಿ ಆಗುತ್ತೆ. ಇಸಿಜಿ ಬದಲಾಗುವುದು ಆಮೇಲೆ, ನೋವು ಬರುವುದು ಅದಕ್ಕೂ ಆಮೇಲೆ. ಹಾಗಾಗಿ ನೋವು ಜೋರಾಗಿ ಇರುವಾಗಲೇ ಎಲ್ಲ ಗೋಡೆಗಳೂ ಸ್ಪಷ್ಟವಾಗಿ ಕಂಡು, ಎಲ್ಲವೂ ಬಡಿತಕ್ಕೊಮ್ಮೆ ಚೆನ್ನಾಗಿ ದಪ್ಪವಾಗುತ್ತಿದ್ದರೆ ಅದಕ್ಕೆ ಬೆಲೆ ಇದೆ. ನೋವು ನಿಂತು ಒಂದು ಗಂಟೆ ಆದಮೇಲೆ ನೋಡಿದ ನಾರ್ಮಲ್ ಎಕೋಗೆ? ಕಳ್ಳ ಹೋದಮೇಲೆ ಮನೆಗೆ ಬಂದು "ಯಾರೂ ಇಲ್ವಲ್ಲ" ಅಂದ ಹಾಗೆ.

ಪ್ರೋಬ್‌ಹಿಡಿದವಳು:
ನಾನು ಎಕೋ ಟೆಕ್ನೀಷಿಯನ್. ರಾತ್ರಿಪಾಳಿ ಸರ್, "ಗೋಡೆಗಳೆಲ್ಲ ಅಲ್ಲಾಡುತ್ತಿವೆ" ಅಂದಿರಲ್ಲ, ತಪ್ಪಾಗುವುದು ಅಲ್ಲೇ. ಅಲ್ಲಾಡುವುದನ್ನು ನೋಡಬೇಡಿ, ದಪ್ಪವಾಗುವುದನ್ನು ನೋಡಿ. ಸತ್ತ ಗೋಡೆಯೂ ಅಲ್ಲಾಡುತ್ತೆ. ಪಕ್ಕದ ಗೋಡೆ ಗಟ್ಟಿಯಾಗಿ ಹಿಂಡುವಾಗ ಇದನ್ನೂ ಎಳೆದುಕೊಂಡು ಹೋಗುತ್ತೆ. ಜಾತ್ರೆ ನೂಕುನುಗ್ಗಲಲ್ಲಿ ನಿಂತವನೂ ಮುಂದೆ ಹೋಗ್ತಾನಲ್ಲ, ಹಾಗೆ. ಆದರೆ ದಪ್ಪವಾಗುವುದನ್ನು ಯಾರೂ ಎಳೆದು ಮಾಡಿಸಲು ಆಗಲ್ಲ.

ನಾನು ಕಲಿಯುವಾಗ ಒಬ್ಬರು ಹೇಳಿಕೊಟ್ಟ ಉಪಾಯ ಇದೆ. ಶಾರ್ಟ್ ಆಕ್ಸಿಸ್ ವ್ಯೂನಲ್ಲಿ, ಅಂದರೆ ಹೃದಯವನ್ನು ಅಡ್ಡಕ್ಕೆ ಕೊಯ್ದ ಹಾಗೆ ನೋಡಿದಾಗ, ಎಲ್‌ವಿ (ಎಡ ಕೆಳಕೋಣೆ) ಬಳೆಯ ಹಾಗೆ ಗುಂಡಗೆ ಕಾಣುತ್ತೆ ಅಲ್ವಾ. ಸ್ಕ್ರೀನಿನ ಮೇಲೆ ಅಂಗೈ ಇಟ್ಟು ಅರ್ಧ ಬಳೆ ಮುಚ್ಚಿ. ಕಾಣುವ ಅರ್ಧವನ್ನು ಮಾತ್ರ ನಾಲ್ಕೈದು ಬಡಿತ ನೋಡಿ. ಆಮೇಲೆ ಕೈ ಆ ಕಡೆ ಸರಿಸಿ. ಒಟ್ಟಿಗೇ ನೋಡಿದರೆ ಕಣ್ಣು ಚೆನ್ನಾಗಿ ಕುಣಿಯುವ ಗೋಡೆಯ ಹಿಂದೆಯೇ ಹೋಗುತ್ತೆ, ಸುಮ್ಮನೆ ಕೂತವನು ತಪ್ಪಿಸಿಕೊಳ್ಳುತ್ತಾನೆ. ಅನುಮಾನ ಬಂದರೆ ಫ್ರೀಜ್ ಮಾಡಿ ಒಂದೊಂದೇ ಫ್ರೇಮ್ ಹಿಂದೆ ಮುಂದೆ ತಿರುಗಿಸಿ.

ಇನ್ನೊಂದು ಅಪಾಯ ಹೃದಯದ ತುದಿಯದು. ತುದಿಯಿಂದ ನೋಡುವ ವ್ಯೂನಲ್ಲಿ ಪ್ರೋಬನ್ನು ಒಂದು ಪಕ್ಕೆಲುಬಿನಷ್ಟು ಮೇಲಕ್ಕೆ ಇಟ್ಟುಬಿಟ್ಟರೆ ಹೃದಯ ಕುಳ್ಳಗೆ, ಗುಂಡಗೆ ಕಾಣುತ್ತೆ. ನೀವು ನೋಡುತ್ತಿರುವುದು ನಿಜವಾದ ತುದಿಯೇ ಅಲ್ಲ. ತುದಿಯ ಇನ್ಫಾರ್ಕ್ಟ್ (ರಕ್ತ ಸಿಗದೆ ಸ್ನಾಯು ಸತ್ತದ್ದು) ಹೀಗೇ ಕಣ್ತಪ್ಪುತ್ತೆ. ಇನ್ನೊಂದು ಸ್ಪೇಸ್ (ಪಕ್ಕೆಲುಬುಗಳ ನಡುವಿನ ಸಂದು) ಕೆಳಗೆ, ಇನ್ನೂ ಹೊರಗೆ ಹೋಗಿ. ಎಡಕ್ಕೆ ಮಗ್ಗುಲಾಗಿಸಿ, ಎಡಗೈ ತಲೆ ಕೆಳಗೆ ಇಡಿಸಿ, ಉಸಿರು ಬಿಟ್ಟು ಹಿಡಿಯಲು ಹೇಳಿ. ನೋವಿನಲ್ಲಿ ಇರುವವರಿಗೆ ಇದೆಲ್ಲ ಕಷ್ಟ, ಗೊತ್ತು.

ರಾತ್ರಿಪಾಳಿ:
ಮೇಡಂ, ಅಂಗೈ ಇಡುವ ಉಪಾಯ ಇವತ್ತೇ ಮಾಡಿ ನೋಡುತ್ತೇನೆ. ಥ್ಯಾಂಕ್ಸ್. ಹಾಗಾದರೆ ಎಡ ಕೆಳಕೋಣೆಯ ಗೋಡೆಯ ಎಲ್ಲ 17 ಸೆಗ್ಮೆಂಟೂ (ಭಾಗಗಳು) ನೋಡಲೇಬೇಕಾ? ಬೆಡ್ ಪಕ್ಕ ನಿಂತು ಅಷ್ಟು ಮಾಡಲು ನನ್ನ ಕೈಲಿ ಆಗಲ್ಲ.

ಮೊದಲುಇಸಿಜಿ:
ಆಗಲ್ಲ ಅಂತ ನೀವೇ ಹೇಳಿದಿರಲ್ಲ, ಅದೇ ನನ್ನ ತಕರಾರು. ಕೋಪ ಮಾಡಿಕೊಳ್ಳಬೇಡಿ, ನಾನೂ ತುರ್ತು ವಿಭಾಗದವನೇ.

ಬಂದ 10 ನಿಮಿಷದೊಳಗೆ ಇಸಿಜಿ ತೆಗೆದು ಒಬ್ಬ ಡಾಕ್ಟರ್ ಅದನ್ನು ನೋಡಿರಬೇಕು. ಇದು ಎಲ್ಲ ಕಡೆ ಒಪ್ಪಿರುವ ನಿಯಮ. ನನ್ನ ಕಣ್ಣೆದುರೇ ಇದು ಮುರಿದದ್ದನ್ನು ನೋಡಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಬ್ಬರಿಗೆ ಎಸ್‌ಟಿ ಎಲಿವೇಷನ್ ಇತ್ತು (ಇಸಿಜಿಯಲ್ಲಿ ಎಸ್‌ಟಿ ಗೆರೆ ಮೇಲೇರಿರುವುದು, ನಾಳ ಮುಚ್ಚಿದ ಗುರುತು), ಎಳೆ ಮಗುವೂ ಹೇಳುವಷ್ಟು ಸ್ಪಷ್ಟವಾಗಿ. ಅಷ್ಟಿದ್ದರೂ ಮುಚ್ಚಿದ ನಾಳ ತೆರೆಯುವ ಕ್ಯಾಥ್ ಲ್ಯಾಬ್‌ಗೆ ಫೋನ್ ಮಾಡುವ ಮುಂಚೆ "ಒಂದು ಎಕೋ ಆಗಲಿ" ಅಂದರು. ಸ್ಥೂಲಕಾಯದವರು, ವಿಂಡೋ (ಚಿತ್ರ ಸ್ಪಷ್ಟವಾಗಿ ಕಾಣುವ ಜಾಗ) ಸಿಗಲಿಲ್ಲ. ಜೆಲ್ ಹಾಕಿದರು, ಒರೆಸಿದರು, ಮತ್ತೆ ಹಾಕಿದರು. 20 ನಿಮಿಷ ಹೋಯಿತು. ಅಷ್ಟು ಹೊತ್ತು ಸ್ನಾಯು ಸಾಯುತ್ತಾ ಇತ್ತು. ಕೊನೆಗೆ ಎಕೋ ಏನು ಹೇಳಿತು? ಇಸಿಜಿ ಹೇಳಿದ್ದನ್ನೇ.

ಆದ್ದರಿಂದ ನನ್ನ ಮಟ್ಟಿಗೆ ಇಸಿಜಿ ಉತ್ತರ ಕೊಟ್ಟಿದ್ದರೆ ಪ್ರೋಬ್ ಮುಟ್ಟಬೇಡಿ. ಪ್ರೋಬ್ ಕೈಗೆ ಬಂದರೆ ಜನ ಮಕ್ಕಳಾಗಿಬಿಡುತ್ತಾರೆ.

ಹಳೇಸ್ಟೆತ್:
ಎಸ್‌ಟಿ ಎಲಿವೇಷನ್ ಸ್ಪಷ್ಟವಾಗಿದ್ದಾಗ ಎಕೋಗಾಗಿ ತಡ ಮಾಡಬಾರದು ಅನ್ನೋದಕ್ಕೆ ನನ್ನದು ಎರಡನೇ ಮಾತಿಲ್ಲ. ಕ್ಯಾಥ್ ಲ್ಯಾಬ್ ತಯಾರಾಗುವಷ್ಟರಲ್ಲಿ ನೋಡಿಕೊಳ್ಳಿ, ಬೇಡ ಅನ್ನಲ್ಲ. ಅದಕ್ಕಾಗಿ ಕಾಯಬೇಡಿ.

ಆದರೆ ಒಂದು ಅಪವಾದ ಹೇಳದೆ ಇರಲಾರೆ. ಒಬ್ಬರು ನಡುವಯಸ್ಸಿನವರು. ಇಸಿಜಿಯಲ್ಲಿ ಹೃದಯದ ಕೆಳಭಾಗ ತೋರಿಸುವ ಲೀಡ್ 2, 3, ಎವಿಎಫ್‌ನಲ್ಲಿ ಎಲಿವೇಷನ್. ಅಲ್ಲಿ ಕ್ಯಾಥ್ ಲ್ಯಾಬ್ ಇರಲಿಲ್ಲ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಿರಿಂಜಿಗೆ ಎಳೆಯುತ್ತಿದ್ದರು. ಒಂದು ವಿಷಯ ಮಾತ್ರ ನನಗೆ ಸರಿ ಕಾಣಲಿಲ್ಲ. ನೋವು ಶುರುವಾದ ಆ ಒಂದು ಕ್ಷಣದಲ್ಲೇ ಪೂರ್ತಿ ಜೋರಾಗಿತ್ತಂತೆ, ಬೆನ್ನಿಗೆ ಹೋಗಿತ್ತಂತೆ. ಎರಡೂ ಕೈಯ ಬಿಪಿ ನೋಡಿಸಿದೆ, ಬಹಳ ವ್ಯತ್ಯಾಸ. ಪ್ರೋಬ್ ಇಟ್ಟೆ. ಎಡಗಡೆಯ ಉದ್ದನೆಯ ವ್ಯೂ, ಅಷ್ಟೇ. ಮಹಾಧಮನಿಯ ಬುಡ ಊದಿಕೊಂಡು ಐದು ಸೆಂಟಿಮೀಟರ್ ದಾಟಿತ್ತು. ಒಳಗೆ ಒಂದು ತೆಳು ಎಳೆ, ಗಾಳಿಗೆ ಪರದೆ ಹಾರಾಡುವ ಹಾಗೆ ಹಾರಾಡುತ್ತಿತ್ತು. ಧಮನಿಯ ಪದರ ಸೀಳಿ ಬಲಗಡೆಯ ಕೊರೋನರಿಯ (ಹೃದಯಕ್ಕೆ ರಕ್ತ ಕೊಡುವ ನಾಳ) ಬಾಯಿ ಮುಚ್ಚಿತ್ತು. ಇಸಿಜಿ ಸುಳ್ಳು ಹೇಳಿರಲಿಲ್ಲ. ಅರ್ಧ ಕಥೆ ಹೇಳಿತ್ತು. ಆ ಇಂಜೆಕ್ಷನ್ ಹೋಗಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸಲು ಇಷ್ಟವಿಲ್ಲ.

ಇದೂ ಒಮ್ಮುಖದ ಸಾಕ್ಷಿಯೇ. ಎಳೆ ಕಂಡರೆ ಕಂಡಿತು. ಕಾಣಲಿಲ್ಲ ಅಂದರೆ ಸೀಳಿಲ್ಲ ಅಂತ ಅಲ್ಲ. ಎದೆಯ ಮೇಲಿಂದ ಮಹಾಧಮನಿಯ ತುಂಡುಗಳಷ್ಟೇ ಕಾಣುತ್ತವೆ. ಅನುಮಾನ ಇದ್ದರೆ ಸಿಟಿ ಆಂಜಿಯೋ ಮಾಡಿಸಲೇಬೇಕು.

ಮೊದಲುಇಸಿಜಿ:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸರ್. ಆದರೆ ಅಲ್ಲಿ ನಿಮ್ಮನ್ನು ತಡೆದಿದ್ದು ನೋವಿನ ಕಥೆ ಮತ್ತು ಬಿಪಿ. ಪ್ರೋಬ್ ಬಂದಿದ್ದು ಆಮೇಲೆ.

ಹಳೇಸ್ಟೆತ್:
ಖಂಡಿತ. ತಲೆಯಲ್ಲಿ ಪ್ರಶ್ನೆ ಇಲ್ಲದೆ ಪ್ರೋಬ್ ಇಟ್ಟರೆ ಏನೂ ಕಾಣಲ್ಲ.

ರಾತ್ರಿಪಾಳಿ ಕೇಳಿದ್ದಕ್ಕೆ: 17 ಸೆಗ್ಮೆಂಟ್ ನಿಮ್ಮ ಕೆಲಸ ಅಲ್ಲ. ಅಮೆರಿಕದ ಎಕೋ ತಜ್ಞರ ಸಂಘ, ತುರ್ತು ವೈದ್ಯರ ಸಂಘ ಎರಡೂ ಸೇರಿ 2010ರಲ್ಲಿ ಒಂದು ಹೇಳಿಕೆ ಕೊಟ್ಟವು. ಬೆಡ್ ಪಕ್ಕದ ಎಕೋದಲ್ಲಿ ಮುಖ್ಯವಾಗಿ ಏನು ನೋಡಬೇಕು ಅಂತ. ಹೃದಯದ ಸುತ್ತ ನೀರಿದೆಯಾ? ಒಟ್ಟಾರೆ ಪಂಪ್ ಹೇಗಿದೆ? ಬಲಗಡೆ ಊದಿದೆಯಾ? ಐವಿಸಿ (ಮೈಯಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ನಾಳ) ನೋಡಿದರೆ ಮೈಯಲ್ಲಿ ರಕ್ತದ ತುಂಬಿಕೆ ಹೇಗಿದೆ? ಒಂದೊಂದು ಗೋಡೆಯ ಚಲನೆ ಅಳೆಯುವುದು ಆ ಪಟ್ಟಿಯ ಮುಖ್ಯ ಕೆಲಸದಲ್ಲಿ ಇಲ್ಲ, ಅದಕ್ಕೆ ಜಾಸ್ತಿ ತರಬೇತಿ ಬೇಕು ಅಂತಲೇ. ನಿಮ್ಮ ಪೆನ್ನು ನಿಲ್ಲುವುದು ಸರಿಯಾದ ಜಾಗದಲ್ಲೇ ನಿಲ್ಲುತ್ತಿದೆ.

ಸಂಬಂಧ ಇಲ್ಲದ ಮಾತು ಒಂದು. ಈ ವಿದ್ಯೆ ಶುರುವಾಗಿದ್ದು 1953ರಲ್ಲಿ, ಸ್ವೀಡನ್‌ನ ಲುಂಡ್‌ನಲ್ಲಿ. ಇಂಗೆ ಎಡ್ಲರ್ ಅನ್ನೋ ಹೃದ್ರೋಗ ವೈದ್ಯ, ಹೆಲ್ಮುಟ್ ಹರ್ಟ್ಸ್ ಅನ್ನೋ ಭೌತವಿಜ್ಞಾನಿ. ಅವರು ಬಳಸಿದ್ದು ಲೋಹದಲ್ಲಿ ಬಿರುಕು ಹುಡುಕುವ ಯಂತ್ರ. ನಾವು ಇವತ್ತಿಗೂ ಬಿರುಕನ್ನೇ ಹುಡುಕುತ್ತಿದ್ದೇವೆ ಅನ್ನಿಸುತ್ತೆ ಒಮ್ಮೊಮ್ಮೆ.

ಕೇಳುವಮಗಳು:
ನಾನು ಡಾಕ್ಟರ್ ಅಲ್ಲ, ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಮೇಲಿನದೆಲ್ಲ ಓದಿ ಹೊಟ್ಟೆಯಲ್ಲಿ ಏನೋ ಆಯಿತು.

ಕಳೆದ ವರ್ಷ ಅಪ್ಪನಿಗೆ ಬೆಳಗಿನ ಜಾವ ಎದೆ ಹಿಂಡಿದ ಹಾಗೆ ಆಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಡಿಮೆ ಆಗಿತ್ತು. ಇಸಿಜಿ ಮಾಡಿದರು, ಎಕೋ ಮಾಡಿದರು. "ಹಾರ್ಟ್ ಫಸ್ಟ್ ಕ್ಲಾಸ್ ಇದೆ, ಇಎಫ್ 60 ಪರ್ಸೆಂಟ್, ಗ್ಯಾಸ್ ಇರಬೇಕು" ಅಂತ ಕಳಿಸಿದರು. (ಇಎಫ್ ಅಂದರೆ ಒಂದು ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಪಾಲಂತೆ.) ಆ ಕಾಗದವನ್ನು ಅಪ್ಪ ಬಂದವರಿಗೆಲ್ಲ ತೋರಿಸಿದರು. ಮೂರನೇ ದಿನ ಮತ್ತೆ ಬಂತು. ಬೇರೆ ಕಡೆ ಕರೆದುಕೊಂಡು ಹೋದೆವು. ಟ್ರೋಪೋನಿನ್ ಜಾಸ್ತಿ ಬಂತು, ಆಂಜಿಯೋಗ್ರಾಂನಲ್ಲಿ ಎರಡು ಬ್ಲಾಕ್. ಈಗ ಸ್ಟೆಂಟ್ ಆಗಿ ಚೆನ್ನಾಗಿದ್ದಾರೆ. ಆದರೆ ಮೂರೇ ದಿನದಲ್ಲಿ ಬ್ಲಾಕ್ ಬೆಳೆಯಿತಾ? ಅಥವಾ ಮೊದಲ ಎಕೋ ತಪ್ಪಾ?

ಹಳೇಸ್ಟೆತ್:
ತಾಯಿ, ಕ್ಷಮೆ ಯಾಕೆ. ಈ ಪ್ರಶ್ನೆ ನೀವು ಕೇಳಿದ್ದೇ ಒಳ್ಳೆಯದಾಯಿತು.

ನಿಮ್ಮ ತಂದೆಯ ರಿಪೋರ್ಟ್ ನಾನು ನೋಡಿಲ್ಲ, ಹಾಗಾಗಿ ಅವರ ಬಗ್ಗೆ ತೀರ್ಪು ಕೊಡಲ್ಲ. ಆದರೆ ಎರಡೂ ರಿಪೋರ್ಟ್ ನಿಜ ಇರಬಹುದು. ಎಕೋದಲ್ಲಿ ನಾವು ನೋಡುವುದು ಪಂಪನ್ನು. ಪಂಪಿಗೆ ರಕ್ತ ತರುವ ಸಣ್ಣ ನಾಳಗಳನ್ನಲ್ಲ. ನಾಳ ಅರ್ಧಕ್ಕಿಂತ ಜಾಸ್ತಿ ಕಿರಿದಾಗಿದ್ದರೂ ಸುಮ್ಮನೆ ಮಲಗಿದ್ದಾಗ ಸ್ನಾಯುವಿಗೆ ಬೇಕಾದಷ್ಟು ರಕ್ತ ಹೋಗುತ್ತಲೇ ಇರುತ್ತೆ. ಸುಮಾರು 85-90 ಪರ್ಸೆಂಟ್ ಕಿರಿದಾಗುವವರೆಗೂ ವಿಶ್ರಾಂತಿಯಲ್ಲಿ ಹರಿವು ಕಡಿಮೆ ಆಗಲ್ಲ. ಕೊರತೆ ಗೊತ್ತಾಗುವುದು ಮೆಟ್ಟಿಲು ಹತ್ತಿದಾಗ, ಓಡಿದಾಗ. ಇನ್ನೂ ಒಂದಿದೆ. ಹೆಪ್ಪು ಕಟ್ಟಿ, ಸ್ವಲ್ಪ ಕರಗಿ, ಮತ್ತೆ ಕಟ್ಟುವುದೂ ಉಂಟು. ಕರಗಿದ ಹೊತ್ತಿನಲ್ಲಿ ನೋವಿಲ್ಲ, ಇಸಿಜಿಯಲ್ಲಿ ಏನಿಲ್ಲ, ಎಕೋದಲ್ಲೂ ಏನಿಲ್ಲ.

ತಪ್ಪು ಆಗಿದ್ದರೆ ಎಕೋ ನೋಡಿದ್ದರಲ್ಲಿ ಅಲ್ಲದೆ ಇರಬಹುದು. ಅದರಿಂದ ತೀರ್ಮಾನಕ್ಕೆ ಬಂದದ್ದರಲ್ಲಿ ಇರಬಹುದು. ಟ್ರೋಪೋನಿನ್ ಒಂದಲ್ಲ, ಕೆಲವು ಗಂಟೆ ಬಿಟ್ಟು ಎರಡನೆಯದೂ ನೋಡಬೇಕಿತ್ತು. "ಗ್ಯಾಸ್" ಅನ್ನೋ ಪದ ತುರ್ತು ವಿಭಾಗದಲ್ಲಿ ಕೊನೆಗೆ ಬರಬೇಕು.

ಕೇಳುವಮಗಳು:
ಪಂಪು, ಪೈಪು. ಇಷ್ಟು ದಿನ ಯಾರೂ ಹೀಗೆ ಹೇಳಿರಲಿಲ್ಲ. ಅಪ್ಪನಿಗೂ ಓದಿ ಹೇಳಿದೆ. "ಹಾಗಾದ್ರೆ ಆ ಕಾಗದ ಇಟ್ಕೊಂಡು ನಾನು ಮೆರೆದದ್ದೆಲ್ಲ ವೇಸ್ಟಾ" ಅಂದರು.

ಪ್ರೋಬ್‌ಹಿಡಿದವಳು:
ಆ ಇಎಫ್ ನಂಬರ್ ಬಗ್ಗೆ ನನಗೂ ಸಿಟ್ಟಿದೆ. ಒಂದು ಗೋಡೆ ಸೋತಾಗ ಮಿಕ್ಕ ಗೋಡೆಗಳು ಇನ್ನೂ ಜೋರಾಗಿ ಹಿಂಡುತ್ತವೆ. ಒಟ್ಟು ಲೆಕ್ಕದಲ್ಲಿ ಇಎಫ್ 60 ಬರುತ್ತೆ. ರೋಗಿ ಕಡೆಯವರು ಮೊದಲು ಕೇಳುವುದೂ ಅದನ್ನೇ, ಪರೀಕ್ಷೆಯ ಮಾರ್ಕ್ಸ್ ಕೇಳಿದ ಹಾಗೆ.

ಸಣ್ಣ ಇನ್ಫಾರ್ಕ್ಟ್ ಆದರೆ ಗೋಡೆಯಲ್ಲೂ ಕಾಣದೆ ಹೋಗಬಹುದು. ಗೋಡೆಯ ದಪ್ಪದಲ್ಲಿ ಸುಮಾರು 20 ಪರ್ಸೆಂಟಾದರೂ ಪೆಟ್ಟು ತಿಂದಿದ್ದರೆ ಮಾತ್ರ ದಪ್ಪವಾಗುವುದರಲ್ಲಿ ವ್ಯತ್ಯಾಸ ನಮ್ಮ ಕಣ್ಣಿಗೆ ಬೀಳುತ್ತೆ. ಟ್ರೋಪೋನಿನ್ ಅದಕ್ಕಿಂತ ಎಷ್ಟೋ ಸೂಕ್ಷ್ಮ.

ಎರಡನೇಪಾಳಿ:
ಇದುವರೆಗೆ ಸುಮ್ಮನೆ ಓದುತ್ತಿದ್ದೆ. ಎಕೋ ಪರವಾಗಿ ಒಂದು ಕೇಸ್ ಹೇಳದೆ ಹೋದರೆ ಅನ್ಯಾಯ ಆಗುತ್ತೆ.

ಒಬ್ಬರು, ಒಂದೂವರೆ ಗಂಟೆಯಿಂದ ನೋವು, ಅಂಗಿ ಬೆವರಲ್ಲಿ ಒದ್ದೆ. ಇಸಿಜಿ ನೋಡಿದರೆ ಎದೆಯ ಮುಂದಿನ ಲೀಡುಗಳಾದ ವಿ2, ವಿ3ಯಲ್ಲಿ ಎಸ್‌ಟಿ ಸ್ವಲ್ಪ ಕೆಳಗೆ. ಅಷ್ಟೇ. ಟ್ರೋಪೋನಿನ್ ಕಳಿಸಿ ಕಾಯೋಣ ಅಂದುಕೊಂಡೆವು. ಆದರೆ ಆ ಮನುಷ್ಯ ಎರಡು ಕೈಯಲ್ಲೂ ಮಂಚದ ಕಂಬಿ ಹಿಡಿದಿದ್ದರು. ಆ ಹಿಡಿತ ನೋಡಿ ನನಗೆ ಕಾಯಲು ಆಗಲಿಲ್ಲ. ಪ್ರೋಬ್ ಇಟ್ಟೆ. ಶಾರ್ಟ್ ಆಕ್ಸಿಸ್‌ನಲ್ಲಿ ಮುಂದಿನ ಗೋಡೆ, ಸೆಪ್ಟಮ್ (ಎಡ ಬಲ ಕೋಣೆಗಳ ನಡುವಿನ ಗೋಡೆ) ಎರಡೂ ಚೆನ್ನಾಗಿವೆ. ನಾಲ್ಕು ಗಂಟೆ ಮುಳ್ಳಿನ ಜಾಗದಲ್ಲಿ, ಅಂದರೆ ಹಿಂಭಾಗದಲ್ಲಿ ಮಾತ್ರ ಗೋಡೆ ಸುಮ್ಮನೆ ನಿಂತಿದೆ. ತೆಳುವಾಗಿಲ್ಲ, ಬಿಳಿಚಿಲ್ಲ. ಹೊಸತು ಅನ್ನಿಸಿತು.

ಇಸಿಜಿ ಲೀಡುಗಳನ್ನು ಬೆನ್ನಿಗೆ ಹಾಕಿದೆ, ವಿ7ರಿಂದ ವಿ9. ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ ಎಲಿವೇಷನ್. ಬೆನ್ನಿನ ಲೀಡಿಗೆ ಅರ್ಧ ಮಿಲಿಮೀಟರ್ ಸಾಕು. ಕ್ಯಾಥ್ ಲ್ಯಾಬ್‌ನಲ್ಲಿ ಸರ್ಕಮ್‌ಫ್ಲೆಕ್ಸ್ (ಹಿಂಭಾಗಕ್ಕೆ ರಕ್ತ ಕೊಡುವ ನಾಳ) ಪೂರ್ತಿ ಬಂದ್. ಸಾಮಾನ್ಯ 12 ಲೀಡ್ ಇಸಿಜಿ ಹೃದಯದ ಹಿಂಭಾಗವನ್ನು ನೇರವಾಗಿ ನೋಡುವುದೇ ಇಲ್ಲ, ಹಾಗಾಗಿ ಸರ್ಕಮ್‌ಫ್ಲೆಕ್ಸ್ ಆಗಾಗ ಹೀಗೆ ಅಡಗಿ ಕೂರುತ್ತೆ.

ಮೊದಲುಇಸಿಜಿ:
ವಿ1-ವಿ4ರಲ್ಲಿ ಎಸ್‌ಟಿ ಡಿಪ್ರೆಷನ್ (ಗೆರೆ ಕೆಳಗಿಳಿದದ್ದು) ಕಂಡ ಕೂಡಲೇ ಬೆನ್ನಿಗೆ ಲೀಡ್ ಹಾಕಬೇಕಿತ್ತು. ಎಕೋ ಬೇಕಿರಲಿಲ್ಲ :)

ಎರಡನೇಪಾಳಿ:
ಹಾಕಬೇಕಿತ್ತು, ನಿಜ. ಹಾಕಿರಲಿಲ್ಲ, ಅದೂ ನಿಜ. ಗೋಡೆ ನೋಡಿದ ಮೇಲೆ ಹೊಳೆಯಿತು.

ರಾತ್ರಿಪಾಳಿ:
"ತೆಳುವಾಗಿಲ್ಲ, ಬಿಳಿಚಿಲ್ಲ" ಅಂದಿರಲ್ಲ, ಅದು ಸ್ವಲ್ಪ ಬಿಡಿಸಿ ಹೇಳಿ. ಗೋಡೆ ಸೋತಿದ್ದರೆ ಹೊಸದಾ ಹಳೆಯದಾ ಅಂತ ಹೇಗೆ ಗೊತ್ತಾಗುತ್ತೆ?

ಪ್ರೋಬ್‌ಹಿಡಿದವಳು:
ಹಳೇ ಗಾಯ ಆಗಿದ್ದರೆ ಗೋಡೆ ತೆಳ್ಳಗೆ, ಹೊಳೆಯುವ ಬಿಳಿ. ಮಾಂಸ ಹೋಗಿ ಕಲೆ ಉಳಿದಿರುತ್ತೆ. ಹೊಸದಾದರೆ ದಪ್ಪ ಹಾಗೇ ಇರುತ್ತೆ, ಕೆಲಸ ಮಾತ್ರ ನಿಂತಿರುತ್ತೆ. ಆದರೆ ಕೆಲವು ದಿನದ ಹಿಂದಿನದೂ ಹೊಸದರ ಹಾಗೇ ಕಾಣುತ್ತೆ. ಹಳೇ ಎಕೋ ರಿಪೋರ್ಟ್ ತನ್ನಿ ಅಂತ ಮನೆಯವರಿಗೆ ಹೇಳುವುದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಮನೆಯವರೆಲ್ಲ ಈ ಕಾಗದಗಳ ಫೋಟೋ ಫೋನಿನಲ್ಲಿ ಇಟ್ಟುಕೊಂಡಿರಿ, ದಯವಿಟ್ಟು.

ಎಲ್‌ಬಿಬಿಬಿ (ಹೃದಯದ ಎಡಗಡೆಗೆ ಹೋಗುವ ವಿದ್ಯುತ್ ದಾರಿಯಲ್ಲಿ ತಡೆ) ಇರುವವರಲ್ಲಿ, ಪೇಸ್‌ಮೇಕರ್ ಇರುವವರಲ್ಲಿ, ಬೈಪಾಸ್ ಆದವರಲ್ಲಿ ಸೆಪ್ಟಮ್ ವಿಚಿತ್ರವಾಗಿ ಅಲ್ಲಾಡುತ್ತೆ. ಅಲ್ಲೂ ಅದೇ ಸೂತ್ರ, ದಪ್ಪವಾಗುತ್ತಿದೆಯಾ ನೋಡಿ.

ಹಳೇಸ್ಟೆತ್:
ಗೋಡೆ ಸೋತಿದೆ ಅಂದ ತಕ್ಷಣ ಬ್ಲಾಕ್ ಅಂತಲೂ ಅಲ್ಲ. ಮಯೋಕಾರ್ಡೈಟಿಸ್ (ಹೃದಯದ ಸ್ನಾಯುವಿನ ಉರಿಯೂತ) ಹಾಗೆ ಮಾಡುತ್ತೆ. ಟಾಕೊಟ್ಸುಬೊ ಇನ್ನೊಂದು. ದೊಡ್ಡ ಆಘಾತದ ಸುದ್ದಿ ಕೇಳಿ ಎದೆ ಹಿಡಿದುಕೊಂಡು ಬಂದವರಲ್ಲಿ ತುದಿ ಪೂರ್ತಿ ಬಲೂನಿನ ಹಾಗೆ ಉಬ್ಬಿ, ಬುಡ ಮಾತ್ರ ಹಿಂಡುತ್ತಿರುತ್ತೆ. 1990ರಲ್ಲಿ ಜಪಾನಿನಲ್ಲಿ ಅದಕ್ಕೆ ಆ ಹೆಸರು ಇಟ್ಟರು, ಅವರು ಆಕ್ಟೋಪಸ್ ಹಿಡಿಯುವ ಮಡಕೆಯ ಆಕಾರ ಅಂತ. ಆದರೂ ಕೊರೋನರಿ ನೋಡದೆ ಆ ಹೆಸರು ಬರೆಯಬೇಡಿ.

ಇನ್ನು ಬಲಗಡೆ. ಎದೆನೋವು, ಉಬ್ಬಸ, ಬಲ ಕೆಳಕೋಣೆಯಾದ ಆರ್‌ವಿ ಎಲ್‌ವಿಯಷ್ಟೇ ದೊಡ್ಡದು, ಅದರ ಹೊರಗೋಡೆ ನಿಂತಿದೆ, ತುದಿ ಮಾತ್ರ ಕುಣಿಯುತ್ತಿದೆ ಅಂದರೆ ಶ್ವಾಸಕೋಶದ ನಾಳದಲ್ಲಿ ಹೆಪ್ಪು ಇರಬಹುದು. ಮ್ಯಾಕ್‌ಕಾನೆಲ್ ಚಿಹ್ನೆ, 1996ರದ್ದು. ಬಲಗಡೆಯ ಇನ್ಫಾರ್ಕ್ಟ್‌ನಲ್ಲೂ ಹಾಗೆ ಕಾಣಬಹುದು, ಎಚ್ಚರ. ಸಣ್ಣ ಹೆಪ್ಪಾದರೆ ಎಕೋ ಪೂರ್ತಿ ನಾರ್ಮಲ್ ಇರುತ್ತೆ. ಬಿಪಿ ಬಿದ್ದವರಲ್ಲಿ ಮಾತ್ರ ಈ ಪರೀಕ್ಷೆ ಬಂಗಾರ. ಬಿಪಿ ಬಿದ್ದಿದ್ದು ಹೆಪ್ಪಿನಿಂದಲೇ ಆದರೆ ಬಲಗಡೆ ಸುಮ್ಮನಿರಲ್ಲ.

ಮೊದಲುಇಸಿಜಿ:
ಬಿಪಿ ಬಿದ್ದವರ ವಿಷಯದಲ್ಲಿ ನಾನೂ ಪ್ರೋಬ್ ಎತ್ತಿಕೊಳ್ಳುತ್ತೇನೆ, ಮುಚ್ಚುಮರೆ ಇಲ್ಲ. ನೀರು ತುಂಬಿ ಹೃದಯ ಅದುಮಿದೆಯಾ, ಪಂಪ್ ಸೋತಿದೆಯಾ, ಬಲಗಡೆ ಊದಿದೆಯಾ, ಎರಡು ನಿಮಿಷದಲ್ಲಿ ಗೊತ್ತಾಗುತ್ತೆ. ನನ್ನ ಜಗಳ ಇರುವುದು ಆರಾಮಾಗಿ ಮಾತಾಡುತ್ತಿರುವ ರೋಗಿಗೆ ಎಕೋ ಮಾಡಿ, ಅದನ್ನೇ ಡಿಸ್ಚಾರ್ಜಿಗೆ ಪಾಸ್ ಮಾಡಿಕೊಳ್ಳುವವರ ಜೊತೆ.

ರಾತ್ರಿಪಾಳಿ:
ನಿನ್ನೆ ರಾತ್ರಿ ಒಬ್ಬರು ಬಂದರು. ಬಂದಾಗ ನೋವು ನಿಂತಿತ್ತು. ಇಸಿಜಿಯಲ್ಲಿ ಏನೂ ಇಲ್ಲ, ಹದಿನೈದು ನಿಮಿಷಕ್ಕೆ ಇನ್ನೊಂದು ತೆಗೆದೆ, ಏನೂ ಇಲ್ಲ. ಪ್ರೋಬ್ ಇಟ್ಟೆ, ಅಂಗೈ ಅಡ್ಡ ಇಟ್ಟು ಎರಡೂ ಅರ್ಧ ನೋಡಿದೆ. ಹೀಗೆ ಬರೆದೆ: "ನೋವು ನಿಂತ 40 ನಿಮಿಷದ ನಂತರ ನೋಡಿದ್ದು. ಸುತ್ತ ನೀರಿಲ್ಲ. ಬಲಗಡೆ ಊದಿಲ್ಲ. ಕಂಡ ಗೋಡೆಗಳು ದಪ್ಪವಾಗುತ್ತಿವೆ. ಪಕ್ಕದ ಗೋಡೆ ಸರಿಯಾಗಿ ಕಾಣಲಿಲ್ಲ." ಮೊದಲ ಸಲ ಪೆನ್ನು ನಿಲ್ಲಲಿಲ್ಲ.

ಮನೆಯವರು ಹೋಗುವ ಆತುರದಲ್ಲಿದ್ದರು. "ಎಕೋ ನಾರ್ಮಲ್ ಅಲ್ವಾ ಸರ್?" ಅಂತ ಮೂರು ಸಲ ಕೇಳಿದರು. ಪಂಪು ಪೈಪಿನ ಕಥೆ ಹೇಳಿ ಕೂರಿಸಿದೆ. ಮೊದಲ ಟ್ರೋಪೋನಿನ್ ಗಡಿಯ ಒಳಗೇ ಇತ್ತು. ಎರಡನೆಯದು ಬರುವ ಮುಂಚೆ ನನ್ನ ಪಾಳಿ ಮುಗಿಯಿತು.

ಪ್ರೋಬ್‌ಹಿಡಿದವಳು:
ಬಂದಮೇಲೆ ಇಲ್ಲಿ ಹಾಕಿ.

ರಾತ್ರಿಪಾಳಿ:
ಈಗ ಫೋನ್ ಮಾಡಿ ಕೇಳಿದೆ. ಎರಡನೆಯದು ಚೆನ್ನಾಗಿ ಏರಿದೆ, ಅಡ್ಮಿಟ್ ಮಾಡಿದ್ದಾರೆ. ಬೆಳಿಗ್ಗೆ ಹೃದ್ರೋಗ ವಿಭಾಗದವರು ದೊಡ್ಡ ಮಷಿನ್‌ನಲ್ಲಿ ಎಕೋ ಪೂರ್ತಿ ಮಾಡಿದರಂತೆ. ಅದೂ ನಾರ್ಮಲ್.